ಭೂಮಿಯ ಮೇಲೊಂದು ಮಂಗಳನ ಮನೆ

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂಬುದು ನಮ್ಮ ಹಿರಿಯರ ಮಾತು. ಊರಿನಲ್ಲಿ ಮನೆ ಕಟ್ಟುವುದೇ ಇಷ್ಟು ಪ್ರಯಾಸದ ಕೆಲಸವಾದರೆ, ಕೋಟ್ಯಂತರ ಮೈಲಿಗಳಾಚೆಯ ಮಂಗಳಗ್ರಹದಲ್ಲಿ ಕಟ್ಟುವುದು ಇನ್ನೆಷ್ಟು ಕಠಿನವಾಗಿರಬೇಕು! ಅಲ್ಲಿನ ವಾಯುವಿನ ಒತ್ತಡ ನಮ್ಮಲ್ಲಿಯದರ ನೂರರಲ್ಲಿ ಒಂದು ಪಾಲಿಗಿಂತಲೂ ಕಡಮೆ. ಒಂದು ಮೊಳೆ ಸಾಲದೆ ಬಂದರೂ ತರಲು ಅಂಗಡಿಯಿಲ್ಲ. ಆದುದರಿಂದ ಅಂತಹ ಮನೆಯನ್ನು ಮೊದಲು ಭೂಮಿಯ ಮೇಲೆಯೇ ಕಟ್ಟಿ, ಅದರಲ್ಲಿ ವಾಸಿಸಿ ನೋಡುವುದು ವಿವೇಕವೆಂದು ಕೆಲವರು ಬಗೆದರು.

ಇದಕ್ಕೆ ತಕ್ಕ ಸ್ಥಳ ಕೆನಡಾ ದೇಶದ ಉತ್ತರದಲ್ಲಿ, ಸುಮಾರು 75 ಡಿಗ್ರಿ ಅಕ್ಷಾಂಶದಲ್ಲಿ ಇರುವ ಡೆವನ್ ದ್ವೀಪ. ಜನವಸತಿಯಿಲ್ಲದ ದ್ವೀಪಗಳಲ್ಲಿ ಪ್ರಪಂಚದಲ್ಲಿಯೇ ದೊಡ್ಡದು ಇದು. ಎರಡು ಕೋಟಿ ವರ್ಷಗಳಿಗೂ ಹಿಂದೆ ಅಂತರಿಕ್ಷದಿಂದ ಬಂದ ಬಂಡೆಯೊಂದು ಇಲ್ಲಿ ಅಪ್ಪಳಿಸಿದುದರಿಂದ ಸುಮಾರು 20 ಕಿಲೋಮೀಟರ್ ಅಗಲದ ಹಾಟನ್ ಕುಳಿ ಉಂಟಾಯಿತು. ಮರಗಳಿಲ್ಲದ, ಹೆಪ್ಪುಗಟ್ಟಿದ ಈ ನೆಲ ಮಂಗಳನ ನೆಲವನ್ನು ಬಹುಮಟ್ಟಿಗೆ ಹೋಲುವುದು.

1998ರಲ್ಲಿ ರಾಬರ್ಟ್ ಜುಬ್ರಿನ್ ಎಂಬ ಇಂಜಿನಿಯರರ ಮುಂದಾಳುತನದಲ್ಲಿ ಸ್ಥಾಪಿತವಾದ ಮಾರ್ಸ್ ಸೊಸೈಟಿಯು 2000ದ ಜುಲೈ ತಿಂಗಳಿನಲ್ಲಿ ಇಲ್ಲಿ ಮನೆ ಕಟ್ಟಲು ಹೊರಟಿತು. ಮನೆಯ ಆಕಾರ ಎರಡಂತಸ್ತಿನ ಉರುಳೆಯದು. ಅಗಲ ಸುಮಾರು 8 ಮೀಟರ್. ಈ ಆಕಾರವೇ ಏಕೆ? ಮುಂದೆ ನಿಜವಾದ ಮನೆಯು ರಾಕೆಟ್ಟಿನ ತಲೆಯ ಮೇಲೆ ಕುಳಿತು ಹೋಗಬೇಕಷ್ಟೆ! ರಸ್ತೆಯಿಲ್ಲದ ಆ ದ್ವೀಪಕ್ಕೆ ಸಾಮಾನುಗಳನ್ನು ವಿಮಾನದಿಂದ ಪ್ಯಾರಾಚೂಟುಗಳ ಮೂಲಕ ಇಳಿಸಬೇಕಾಯಿತು. ಆಗ ಹೊರೆಯೊಂದು ಪ್ಯಾರಾಚೂಟಿನಿಂದ ಕಳಚಿಕೊಂಡು ನೆಲಕ್ಕೆ ಬಿದ್ದಿತು. ಮನೆಯ ಅಂತಸ್ತುಗಳಿಗೆ ಹಾಸಬೇಕಾಗಿದ್ದ ಹಲಗೆಗಳೂ ಭಾರವೆತ್ತುವ ಕ್ರೇನೂ ನುಚ್ಚುನೂರಾದುವು. ಕೂಲಿಗೆ ಬಂದಿದ್ದ ಕಟ್ಟಡದವರು ಹಿಂದಿರುಗಿದರು. ಆದರೆ ಉಳಿದವರು ಎದೆಗುಂದಲಿಲ್ಲ. ಮರಮುಟ್ಟುಗಳಿಂದ ಹೊಸ ಹಾಸನ್ನು ಹೊಂದಿಸಿ, ಗೋಡೆಗಳನ್ನು ತಾವೇ ಎತ್ತಿ ನಿಲ್ಲಿಸಿ, ಆ ತಿಂಗಳ ಕೊನೆಯ ಹೊತ್ತಿಗೆ ಮನೆಯನ್ನು ಮುಗಿಸಿದರು.

ವಾಸದ ಪ್ರಯೋಗಕ್ಕಿಂತ ಮೊದಲೇ ದೊರೆತ ಪಾಠವಿದು. ಡೆವನ್ ದ್ವೀಪಕ್ಕೆ ಮರವನ್ನು ಮತ್ತೆ ತರಿಸಬಹುದು. ಮಂಗಳನಿಗಾದರೋ ಪ್ರಯಾಣಕ್ಕೆ ಅನುಕೂಲವಾದ ಕಾಲ ಬರುವುದು ಸುಮಾರು 26 ತಿಂಗಳಿಗೊಮ್ಮೆ ಮಾತ್ರ. ಅಲ್ಲಿಯವರೆಗೆ ಕೈಯಲ್ಲಿರುವುದೇ ಗತಿ.

ಈ ಮನೆಯಲ್ಲಿ ವಾಸಿಸುವವರಿಗೆ ಕಟ್ಟುನಿಟ್ಟಾದ ನಿಯಮಗಳುಂಟು. ಅಂತರಿಕ್ಷದ ಉಡುಪನ್ನು ಹೋಲುವ ಪೋಷಾಕಿಲ್ಲದೆ ಹೊರಗೆ ಕಾಲಿಡುವಂತಿಲ್ಲ. ಮಂಗಳನಿಂದ ರೇಡಿಯೋ ಸಂದೇಶ ಭೂಮಿಯನ್ನು ಮುಟ್ಟಲು 20 ನಿಮಿಷಗಳವರೆಗೂ ಹಿಡಿಯುವುದರಿಂದ, ಇಲ್ಲಿಯೂ ಸಂದೇಶಗಳನ್ನು ಬೇಕೆಂದೇ ತಡಮಾಡುವುದುಂಟು. 2007ರಲ್ಲಿ ಏಳು ಮಂದಿ ಇಲ್ಲಿ ನಾಲ್ಕು ತಿಂಗಳು ಕಳೆದರು. ಮಂಗಳನ ದಿನ ನಮ್ಮದಕ್ಕಿಂತ ಸುಮಾರು 39 ನಿಮಿಷ ದೀರ್ಘವಾದುದು. ಅವರು ಕೆಲವು ಕಾಲ ಆ ಲೆಕ್ಕದಲ್ಲಿಯೇ ಮಲಗಿ ಎದ್ದರು. ಬೇಸಗೆಯಲ್ಲಿ ಅಲ್ಲಿ ಸೂರ್ಯ ಮುಳುಗದಿರುವುದು ಇದಕ್ಕೆ ಸಹಾಯಕವಾಯಿತು.

ಇದೆಲ್ಲ ಬರಿಯ ನಾಟಕವಲ್ಲವೆ ಎಂದು ವಾಚಕರು ಕೇಳಬಹುದು. ಮಂಗಳನ ಅಲ್ಪ ಗುರುತ್ವವನ್ನಾಗಲಿ ಅಲ್ಲಿನ ಅಪಾಯಕರ ವಿಕಿರಣವನ್ನಾಗಲಿ ಇಲ್ಲಿ ತರಲಾಗದೆಂಬುದು ನಿಜ. ಅಲ್ಲಿಲ್ಲದ ಹಿಮಕರಡಿಗಳ ಭಯವೂ ಇಲ್ಲಿ ಉಂಟು! ಆದರೆ ಪರೀಕ್ಷೆಗೆ ಗುರಿಯಾಗುವುದು ಮನುಷ್ಯರು ಮತ್ತು ಅವರ ಸಲಕರಣೆಗಳು. ಒಬ್ಬನಿಗೆ ದಿನಕ್ಕೆ ಎಷ್ಟು ನೀರು ಸಾಕು, ದಪ್ಪ ಕೈಗವಸಿನಲ್ಲಿ ಯಾವ ಕೆಲಸ ಸಾಧ್ಯ, ಇಕ್ಕಟ್ಟಿನಲ್ಲಿ ಬೆಳೆಯುವ ಮನಸ್ತಾಪವನ್ನು ತಣಿಸುವುದು ಹೇಗೆ—ಇವನ್ನು ನಾವು ಇಲ್ಲಿಯೇ ಕಲಿಯಬಹುದು. ಈ ಕಾರಣದಿಂದಲೇ ಅಮೆರಿಕದ ನಾಸಾ ಸಂಸ್ಥೆಯು ಹ್ಯೂಸ್ಟನ್ನಿನಲ್ಲಿ ಕಟ್ಟಿಸಿದ ಇಂತಹುದೇ ಮನೆಯಲ್ಲಿ ನಾಲ್ವರು 2023ರ ಜೂನ್‌ನಿಂದ 378 ದಿನ ವಾಸಿಸಿದರು.

ಇಲ್ಲಿ ಹೊರೆಯೊಂದು ಬಿದ್ದರೆ ಕೆಲಸ ಕೆಲವು ದಿನ ಹಿಂದೆ ಬೀಳುವುದು. ಅಲ್ಲಿ ಬಿದ್ದರೆ ಹೋದವರ ಪ್ರಾಣಕ್ಕೇ ಅಪಾಯ. ಎಡವುವುದಿದ್ದರೆ ಮನೆಯಂಗಳದಲ್ಲಿಯೇ ಎಡವಿ ಕಲಿಯುವುದು ಲೇಸು.