ನೆಲಹಾಸಿನ ತುಂಡಿನಲ್ಲಿ ಅರಳಿದ ಕಲೆ

ಚಿಕ್ಕಂದಿನಲ್ಲಿ ಬೆಂಡೆಕಾಯಿಯನ್ನು ಅಡ್ಡಕ್ಕೆ ಕತ್ತರಿಸಿ, ಶಾಯಿಯಲ್ಲಿ ಅದ್ದಿ, ನೋಟ್‌ಪುಸ್ತಕದ ತುಂಬ ಹೂವಿನ ಅಚ್ಚು ಒತ್ತದವರು ನಮ್ಮಲ್ಲಿ ಯಾರಿದ್ದಾರೆ? ಚಿತ್ರಕಲಾ ವಿದ್ಯಾರ್ಥಿಗಳು ಕಲಿಯುವ ಲಿನೋಕಟ್ ಕೂಡ ಇದೇ ಜಾತಿಯ ಕಲೆ.

ಇದಕ್ಕೆ ಬೇಕಾದ ಲಿನೋಲಿಯಂ ಹುಟ್ಟಿದ್ದು ಕಲೆಗಾಗಿ ಅಲ್ಲ. 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಅದನ್ನು ಮನೆಯ ನೆಲಕ್ಕೆ ಹಾಸಲು ತಯಾರಿಸಿದರು. ಗಟ್ಟಿಯಾದ ಅಗಸೆ ಎಣ್ಣೆಗೆ ಬೆಂಡಿನ ಪುಡಿ, ಮರದ ರಾಳ ಬೆರೆಸಿ ಸೆಣಬಿನ ಬಟ್ಟೆಯ ಮೇಲೆ ಹರಡಿದರೆ ಲಿನೋಲಿಯಂ. ಮರದಂತೆ ಇದಕ್ಕೆ ಎಳೆಗಳಿಲ್ಲ. ಉಳಿ ಯಾವ ಕಡೆಗೂ ಸಲೀಸಾಗಿ ಓಡುತ್ತದೆ. ಗಡುಸಾಗಿದ್ದರೆ ಸ್ವಲ್ಪ ಹೊತ್ತು ಬಿಸಿಲಿಗಿಟ್ಟರೆ ಮೆತ್ತಗಾಗುತ್ತದೆ.

ಚಿತ್ರ ಬರೆದು, ಬಿಳಿಯಾಗಿ ಕಾಣಬೇಕಾದ ಭಾಗವನ್ನೆಲ್ಲ ಕೆತ್ತಿ ತೆಗೆಯಬೇಕು. ಉಳಿದ ಮೇಲ್ಮೈಗೆ ರೋಲರಿನಿಂದ ಶಾಯಿ ಸವರಿ, ಕಾಗದ ಹಾಸಿ, ಚಮಚದ ಬೆನ್ನಿನಿಂದ ಉಜ್ಜಿದರೂ ಸಾಕು, ಅಚ್ಚು ಮೂಡುತ್ತದೆ. ದೊಡ್ಡ ಯಂತ್ರ ಬೇಕೇ ಬೇಕೆಂದಿಲ್ಲ. ಆದರೆ ಎರಡು ಮಾತು ನೆನಪಿರಬೇಕು. ಅಚ್ಚಿನಲ್ಲಿ ಎಡ ಬಲವಾಗುತ್ತದೆ. ಧರ್ಮಕೇಂದ್ರದ ಕಚೇರಿಯ ಮೊಹರಿನಂತೆ ಅಕ್ಷರಗಳನ್ನು ತಿರುವು ಮುರುವಾಗಿ ಕೆತ್ತಬೇಕು. ಇನ್ನೊಂದು, ಕೆತ್ತಿ ತೆಗೆದದ್ದು ಮರಳಿ ಬರುವುದಿಲ್ಲ. ಕೈ ಜಾರಿದರೆ ಆ ಗೆರೆಯನ್ನೂ ಸೇರಿಸಿಕೊಂಡೇ ಚಿತ್ರವನ್ನು ಮುಂದುವರಿಸುವುದನ್ನು ವಿದ್ಯಾರ್ಥಿ ಕಲಿಯುತ್ತಾನೆ.

ಇಷ್ಟು ಸಾಧಾರಣ ಸಾಮಗ್ರಿ ಎಂಥ ಕೆಲಸ ಮಾಡಬಲ್ಲದೆಂದು ತಿಳಿಯಲು ನಾವು ದಕ್ಷಿಣ ಆಫ್ರಿಕದತ್ತ ನೋಡಬೇಕು. ಅಲ್ಲಿ 1959ರ ಕಾನೂನೊಂದು ಬಿಳಿಯರ ವಿಶ್ವವಿದ್ಯಾಲಯಗಳ ಬಾಗಿಲನ್ನು ಕಪ್ಪು ಜನರಿಗೆ ಬಹುಮಟ್ಟಿಗೆ ಮುಚ್ಚಿಬಿಟ್ಟಿತು. ಕಲೆ ಕಲಿಯಬೇಕೆಂಬ ಬಡ ಯುವಕ ಎಲ್ಲಿಗೆ ಹೋಗಬೇಕು? ಅದೇ ಕಾಲಕ್ಕೆ ಸ್ವೀಡನ್ನಿನ ಕಲಾವಿದ ದಂಪತಿಗಳಾದ ಪೀಡರ್ ಮತ್ತು ಉಲ್ಲಾ ಗೊವೆನಿಯಸ್ ಲೂಥರನ್ ಸಭೆಯ ಆಸರೆಯಲ್ಲಿ ಅಲ್ಲಿಗೆ ಬಂದರು. ಅವರು 1962ರಲ್ಲಿ ಸೇಜಾ ಮಿಷನ್ ಆಸ್ಪತ್ರೆಯಲ್ಲಿ ಆರಂಭಿಸಿದ ತರಬೇತಿ ಮರುವರ್ಷ ರೋರ್ಕ್ಸ್ ಡ್ರಿಫ್ಟ್ ಎಂಬ ಹಳ್ಳಿಗಾಡಿನ ಸ್ಥಳಕ್ಕೆ ಬಂದು ಕಲಾಕೇಂದ್ರವಾಯಿತು.

ಆ ಆಸ್ಪತ್ರೆಯಲ್ಲಿ ಕ್ಷಯರೋಗಕ್ಕೆ ಚಿಕಿತ್ಸೆ ಪಡೆಯುತ್ತಿದ್ದವರಲ್ಲಿ 1941ರಲ್ಲಿ ಹುಟ್ಟಿದ ಅಜಾರಿಯಾ ಮ್‌ಬಾಥಾ ಎಂಬ ಜುಲು ತರುಣನೂ ಒಬ್ಬ. ಅಲ್ಲಿಯೇ ಅವನ ಕೈಗೆ ಉಳಿ ಬಂತು. ಮೋಶೆ, ದಾವೀದ, ಜೋಸೆಫ ಹೀಗೆ ಬೈಬಲಿನ ಕಥೆಗಳನ್ನು ಅವನು ಕೆತ್ತತೊಡಗಿದ. ಎಷ್ಟೋ ಸಲ ಒಂದೇ ಹಾಳೆಯನ್ನು ಚೌಕಗಳಾಗಿ ವಿಂಗಡಿಸಿ ಇಡೀ ಕಥೆಯನ್ನು ಹೇಳಿದ. ಆ ಚಿತ್ರಗಳಲ್ಲಿರುವುದು ಆಫ್ರಿಕದ ಜನ, ಆಫ್ರಿಕದ ಮುಖಗಳು. ತಮ್ಮ ನಾಡಿನಲ್ಲೇ ಪರಕೀಯರಾದವರಿಗೆ ದಾಸತ್ವದ ಬಿಡುಗಡೆಯ ಕಥೆ ಹಳೆಯ ಕಾಲದ್ದೆನಿಸಲಿಲ್ಲ. ಮುಂದೆ ಅವರು ಸ್ವೀಡನ್ನಿನಲ್ಲಿ ನೆಲೆಸಿ, 2018ರಲ್ಲಿ ತೀರಿಕೊಂಡರು.

1967ರಲ್ಲಿ ಅದೇ ಕೇಂದ್ರಕ್ಕೆ ಸೇರಿದ ಜಾನ್ ಮುವಾಫಾಂಗೆಜೊ ಚಿತ್ರದೊಳಗೇ ಮಾತುಗಳನ್ನೂ ಕೆತ್ತಿದರು. ನಮೀಬಿಯಾದ ಜನರ ನೋವು, ಪ್ರಾರ್ಥನೆ, ಸಮಾಧಾನದ ಆಸೆ ಎಲ್ಲವೂ ಅವರ ಕಪ್ಪು-ಬಿಳುಪಿನ ಹಾಳೆಗಳಲ್ಲಿವೆ. 1987ರಲ್ಲಿ ಅವರು ನಿಧನರಾದರು. ನಮೀಬಿಯಾ ಸ್ವತಂತ್ರವಾದದ್ದು 1990ರಲ್ಲಿ.

ಮಗಳೋ ಮಗನೋ ಚಿತ್ರಕಲೆ ಓದುತ್ತೇನೆಂದರೆ, ಅದರಿಂದ ಹೊಟ್ಟೆ ತುಂಬುತ್ತದೆಯೇ ಎಂದು ನಾವು ಕೇಳುತ್ತೇವೆ. ಹೆತ್ತವರು ಕೇಳಬೇಕಾದ ಪ್ರಶ್ನೆಯೇ ಅದು. ರೋರ್ಕ್ಸ್ ಡ್ರಿಫ್ಟ್‌ನವರೂ ಅದನ್ನು ಮರೆಯಲಿಲ್ಲ. ಕಲಾಶಾಲೆಯ ಜೊತೆಗೆ ನೇಯ್ಗೆ, ಕುಂಬಾರಿಕೆಗಳನ್ನೂ ನಡೆಸಿದರು. ಆದರೆ ಆ ಒಂದು ಪ್ರಶ್ನೆಗೇ ಮಾತು ಮುಗಿಸಿಬಿಟ್ಟರೆ, ಮಗುವಿಗೆ ಏನು ಹೇಳಲಿಕ್ಕಿದೆ ಎಂಬುದು ನಮಗೆ ತಿಳಿಯುವುದೇ ಇಲ್ಲ.

ಈ ಸಲದ ರಜೆಯಲ್ಲಿ ದೊಡ್ಡ ಮಕ್ಕಳ ಕೈಗೆ ಒಂದು ಲಿನೋ ತುಂಡು ಕೊಟ್ಟು ನೋಡೋಣ. ಉಳಿ ಓಡುವ ದಾರಿಯಲ್ಲಿ ಇನ್ನೊಂದು ಕೈ ಇರಬಾರದೆಂಬುದನ್ನು ಮೊದಲು ಕಲಿಸೋಣ. ಬಳಿಕ ಅವರಿಗೆ ಇಷ್ಟವಾದ ಬೈಬಲಿನ ಕಥೆಯನ್ನು ನಮ್ಮೂರಿನ ಮುಖಗಳಲ್ಲೇ ಕೆತ್ತಲಿ. ಯಾರ ಮುಖವನ್ನು ದಾವೀದನಿಗೆ ಕೊಟ್ಟರು, ಯಾರದನ್ನು ಗೋಲಿಯಾತನಿಗೆ ಕೊಟ್ಟರು ಎಂದು ನಾವು ಪಕ್ಕದಲ್ಲಿ ಕುಳಿತು ಕೇಳೋಣ.