ವೆಜಲೇ: ಗುಡ್ಡದ ಮೇಲಣ ಇಗರ್ಜಿ ಮತ್ತು ಕಣಿವೆಯ ದಾರಿಗಳು

ಪ್ಯಾರಿಸ್ ನಗರದಿಂದ ಆಗ್ನೇಯ ದಿಕ್ಕಿನಲ್ಲಿ ಸುಮಾರು 220 ಕಿಲೋಮೀಟರ್ ದೂರದಲ್ಲಿ, ಬರ್ಗಂಡಿ ಪ್ರಾಂತದಲ್ಲಿ, ವೆಜಲೇ ಎಂಬ ಹಳ್ಳಿಯಿದೆ. ಕ್ಯೂರ್ ನದಿಯ ಕಣಿವೆಯಿಂದ ಮೇಲೆದ್ದ ಒಂದು ನೀಳವಾದ ಗುಡ್ಡ. ಅದರ ಬೆನ್ನಿನ ಮೇಲೆ ಇಕ್ಕೆಲದಲ್ಲಿಯೂ ಕಲ್ಲಿನ ಮನೆಗಳ ಸಾಲು. ಆ ಸಾಲು ಮುಗಿಯುವಲ್ಲಿ ಮಗ್ದಲದ ಮರಿಯಳಿಗೆ ಮುಡಿಪಾದ ಮಹಾ ಇಗರ್ಜಿ. ಊರಿನ ಜನಸಂಖ್ಯೆ ಐದುನೂರನ್ನು ಮುಟ್ಟುವುದಿಲ್ಲ. 1979ರಲ್ಲಿ ಯುನೆಸ್ಕೊ ಸಂಸ್ಥೆ ತನ್ನ ವಿಶ್ವಪರಂಪರೆಯ ಪಟ್ಟಿಗೆ ಇದನ್ನು ಸೇರಿಸಿದಾಗ ಕೊಟ್ಟ ಹೆಸರು 'ವೆಜಲೇಯ ಇಗರ್ಜಿ ಮತ್ತು ಗುಡ್ಡ' ಎಂದು. ಈ ಹೆಸರಿನ ಎರಡನೆಯ ಪದವನ್ನು ಪ್ರವಾಸಿಗರು ಸಾಮಾನ್ಯವಾಗಿ ಮರೆಯುತ್ತಾರೆ. ಗುಡ್ಡದ ಬುಡದ ಸಂತೆಮಾಳದಲ್ಲಿ ವಾಹನವನ್ನು ನಿಲ್ಲಿಸಿ, ಏರುಬೀದಿಯಲ್ಲಿ ನಡೆದು, ಇಗರ್ಜಿಯನ್ನು ನೋಡಿ, ಒಂದೆರಡು ಗಂಟೆಗಳಲ್ಲಿ ಹಿಂದಿರುಗುವವರೇ ಬಹಳ. ಮೇಲಿರುವುದು ಮೇಲೆ ಏಕಿದೆಯೆಂಬುದು ಕೆಳಗಿನ ಕಣಿವೆಯನ್ನು ನೋಡದೆ ತಿಳಿಯುವುದಿಲ್ಲ. ಆ ಕಣಿವೆಯನ್ನು ನೋಡುವುದಾದರೆ ಕಾಲ್ನಡಿಗೆಯಲ್ಲಿ, ಇಲ್ಲವೆ ಸೈಕಲ್ಲಿನ ಮೇಲೆ ನೋಡಬೇಕು.

ಮಠದ ಚರಿತ್ರೆಯೇ ಕೆಳಗೆ ಆರಂಭವಾಗುತ್ತದೆ. 9ನೆಯ ಶತಮಾನದ ಮಧ್ಯಭಾಗದಲ್ಲಿ ಜಿರಾರ್ ದ ರೂಸಿಯೋಂ ಎಂಬ ಸಾಮಂತನೂ ಅವನ ಪತ್ನಿ ಬೆರ್ತಳೂ ಕ್ಯೂರ್ ನದಿಯ ದಡದಲ್ಲಿ, ಇಂದು ಸೇಂ-ಪೇರ್ ಎಂಬ ಊರಿರುವೆಡೆಯಲ್ಲಿ, ಸಂನ್ಯಾಸಿನಿಯರಿಗಾಗಿ ಒಂದು ಮಠವನ್ನು ಕಟ್ಟಿಸಿದರು. ನಾರ್ಮನ್ನರ ದಾಳಿಯಾದ ಬಳಿಕ, ಅದೇ ಶತಮಾನ ಕಳೆಯುವುದರೊಳಗೆ, ಮಠವು ರಕ್ಷಣೆಗಾಗಿ ಗುಡ್ಡವನ್ನೇರಿತು. ಸಂನ್ಯಾಸಿನಿಯರ ಸ್ಥಾನಕ್ಕೆ ಸಂನ್ಯಾಸಿಗಳು ಬಂದರು.

ಈ ಜಿರಾರ್ ಮುಂದೆ ಹಳೆಯ ಫ್ರೆಂಚ್ ವೀರಕಾವ್ಯವೊಂದರ ನಾಯಕನಾದನು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಆಸಕ್ತಿಯನ್ನುಂಟುಮಾಡುವ ಒಂದು ಪ್ರಸಂಗ ಇದರಿಂದ ಹುಟ್ಟಿದೆ. ರೆನೆ ಲೂಯಿ ಎಂಬ ವಿದ್ವಾಂಸರು ಆ ಕಾವ್ಯದಲ್ಲಿ ಬರುವ ಯುದ್ಧದ ನೆಲೆಯನ್ನು ಹುಡುಕುತ್ತ 1934ರಲ್ಲಿ ಸೇಂ-ಪೇರಿನ ಹತ್ತಿರದ ಹೊಲಗಳಿಗೆ ಬಂದರು. ಅಲ್ಲಿ ದೊರೆತದ್ದು ಯುದ್ಧಭೂಮಿಯಲ್ಲ. 'ಉಪ್ಪಿನ ಊಟೆಗಳು' ಎಂದು ಹೆಸರಾದ ನೆಲದ ಅಡಿಯಲ್ಲಿ ರೋಮನ್ ಕಾಲದ ಸ್ನಾನಗೃಹಗಳ ತಳಹದಿ, ಅದಕ್ಕೂ ಕೆಳಗೆ ಓಕ್ ಮರದ ದಪ್ಪ ಕಾಂಡಗಳನ್ನು ಟೊಳ್ಳುಮಾಡಿ ನೆಲದಲ್ಲಿಳಿಸಿದ ಬಾವಿಗಳು. ಮರದ ವಾರ್ಷಿಕ ಬಳೆಗಳನ್ನು ಎಣಿಸಿ ಈ ಕಾಂಡಗಳ ಕಾಲವನ್ನು ಕ್ರಿ. ಪೂ. ಸುಮಾರು 2200 ಎಂದು ನಿರ್ಣಯಿಸಲಾಗಿದೆ. ಕಾವ್ಯವನ್ನು ನಂಬಿ ಅಗೆದವನಿಗೆ ಕಾವ್ಯಕ್ಕಿಂತ ಮೂರು ಸಾವಿರ ವರ್ಷ ಹಿಂದಿನ ಉಪ್ಪುನೀರು ಸಿಕ್ಕಿತು. ಕಣಿವೆಯಲ್ಲಿ ಜನ ನೆಲಸಿದ್ದು ಮಠಕ್ಕಾಗಿ ಅಲ್ಲ, ಮಠ ಬಂದದ್ದೇ ಜನವಸತಿಯಿದ್ದ ಕಣಿವೆಗೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಈ ಅಗೆತದ ನೆಲೆ ಸೇಂ-ಪೇರಿನಿಂದ ನಡೆದು ಹೋಗುವಷ್ಟು ಸಮೀಪದಲ್ಲಿದೆ.

ವೆಜಲೇಯ ವೈಭವಕ್ಕೆ ಕಾರಣವಾದದ್ದು ಉಪ್ಪಲ್ಲ, ಎಲುಬು. 11ನೆಯ ಶತಮಾನದ ಮಧ್ಯದಲ್ಲಿ ಮಗ್ದಲದ ಮರಿಯಳ ಪವಿತ್ರಾಸ್ಥಿಗಳು ತಮ್ಮಲ್ಲಿವೆಯೆಂದು ಮಠದವರು ಸಾರಿದರು; ಯಾತ್ರಿಕರು ಹರಿದು ಬಂದರು. ಸ್ಪೇನಿನ ಸಾಂತಿಯಾಗೊ ದೆ ಕಾಂಪೊಸ್ತೆಲಾ ಕ್ಷೇತ್ರಕ್ಕೆ ಫ್ರಾನ್ಸಿನಿಂದ ಹೋಗುವ ನಾಲ್ಕು ಮಹಾಮಾರ್ಗಗಳಲ್ಲಿ ಒಂದು ಇಲ್ಲಿಂದಲೇ ಹೊರಡುತ್ತದೆ. ಹಣ ಬಂತು, ಹಣದೊಡನೆ ಕಲಹವೂ ಬಂತು: 1106ರಲ್ಲಿ ಮಠಾಧಿಪತಿ ಆರ್ತೊ ಊರಿನವರ ದಂಗೆಯಲ್ಲಿ ಹತನಾದನು. 1120ರ ಜುಲೈ ತಿಂಗಳಲ್ಲಿ, ಸಂತಳ ಹಬ್ಬದ ಹಿಂದಿನ ರಾತ್ರಿ, ಯಾತ್ರಿಕರು ಕಿಕ್ಕಿರಿದಿದ್ದ ಇಗರ್ಜಿಗೆ ಬೆಂಕಿ ಬಿದ್ದು ನೂರಾರು ಜನ ಮಡಿದರು. ಈಗ ಕಾಣುವ ನಡುಶಾಲೆ ಆ ಬೆಂಕಿಯ ನಂತರದ್ದು. 1146ರ ಈಸ್ಟರ್ ಹಬ್ಬದಂದು ಸಂತ ಬೆರ್ನಾರನು ಎರಡನೆಯ ಕ್ರೂಸೇಡಿಗಾಗಿ ಏಳನೆಯ ಲೂಯಿ ದೊರೆಯ ಎದುರಿನಲ್ಲಿ ಉಪನ್ಯಾಸ ಮಾಡಿದ್ದೂ ಇಲ್ಲಿಯೇ. ಆದರೆ 1279ರಲ್ಲಿ ದಕ್ಷಿಣದ ಪ್ರೊವಾನ್ಸಿನಲ್ಲಿ ಅದೇ ಸಂತಳ ಅಸ್ಥಿಗಳು ಬೇರೆ ದೊರೆತುವೆಂಬ ಸುದ್ದಿ ಹಬ್ಬಿತು. ಯಾತ್ರಿಕರು ದಾರಿ ಬದಲಿಸಿದರು, ಊರು ಸೊರಗಿತು. ಒಂದು ನಂಬಿಕೆಯ ಮೇಲೆ ಬೆಳೆದ ಊರು ಆ ನಂಬಿಕೆ ಬೇರೆಡೆಗೆ ಸರಿದೊಡನೆ ಹಳ್ಳಿಯಾಗಿ ಉಳಿಯಿತು.

ಇಂದು ಇಗರ್ಜಿಯನ್ನು ನೋಡುವವನು ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು: ಅವನ ಕಣ್ಣಿಗೆ ಬೀಳುವುದು 12ನೆಯ ಶತಮಾನವೂ ಹೌದು, 19ನೆಯ ಶತಮಾನವೂ ಹೌದು. 1834ರಲ್ಲಿ ಚಾರಿತ್ರಿಕ ಸ್ಮಾರಕಗಳ ಪರಿವೀಕ್ಷಕನಾಗಿ ಬಂದ ಕಥೆಗಾರ ಪ್ರಾಸ್ಪೆರ್ ಮೆರಿಮೆಗೆ ಕಟ್ಟಡವು ಕುಸಿಯುವ ಸ್ಥಿತಿಯಲ್ಲಿ ಕಂಡಿತು. 1840ರಲ್ಲಿ ಜೀರ್ಣೋದ್ಧಾರದ ಹೊಣೆಯನ್ನು 26 ವರ್ಷದ ವಿಯೊಲೆ-ಲ-ದ್ಯೂಕನಿಗೆ ಒಪ್ಪಿಸಲಾಯಿತು. ಕೆಲಸ 1859ರವರೆಗೆ ನಡೆಯಿತು. ಅವನಿಲ್ಲದಿದ್ದರೆ ಕಟ್ಟಡ ಉಳಿಯುತ್ತಿರಲಿಲ್ಲವೆಂಬುದು ನಿರ್ವಿವಾದ. ಆದರೆ ಅವನು ಉಳಿಸಿದ್ದಷ್ಟೇ ಅಲ್ಲ, ತಿದ್ದಿಯೂ ಇದ್ದಾನೆ. ಗಾಥಿಕ್ ಕಾಲದಲ್ಲಿ ಮಾರ್ಪಟ್ಟಿದ್ದ ಕೆಲವು ಅಂಕಣಗಳ ಚಾವಣಿಯನ್ನು ಕಳಚಿ, ಉಳಿದವುಗಳಿಗೆ ಹೊಂದುವಂತೆ ರೋಮನೆಸ್ಕ್ ರೀತಿಯಲ್ಲಿ ಕಟ್ಟಿಸಿದನು. ಹೊರಬಾಗಿಲಿನ ಮೇಲಣ ಅರ್ಧವೃತ್ತದ ಶಿಲಾಫಲಕ ಪೂರ್ತಿಯಾಗಿ ಅವನ ಕಾಲದ ಕೆತ್ತನೆ. ಸವೆದ ಹಲವು ಬೋದಿಗೆಗಳ ಸ್ಥಾನದಲ್ಲಿ ಪ್ರತಿಕೃತಿಗಳನ್ನಿರಿಸಿದನು. ಮೂಲ ಬೋದಿಗೆಗಳು ಪಕ್ಕದ ವಸ್ತುಸಂಗ್ರಹಾಲಯದಲ್ಲಿವೆ. ಮೊದಲು ವಸ್ತುಸಂಗ್ರಹಾಲಯಕ್ಕೆ ಹೋಗಿ ಅನಂತರ ಇಗರ್ಜಿಯನ್ನು ಹೊಕ್ಕರೆ ಹಳೆಯ ಉಳಿಯ ಗುರುತನ್ನೂ ಹೊಸ ಉಳಿಯ ಗುರುತನ್ನೂ ಬೇರೆಬೇರೆಯಾಗಿ ಕಾಣಬಹುದು. ಏಕರೂಪತೆಯ ಆಸೆಯಿಂದ ಗಾಥಿಕ್ ಚಾವಣಿಯನ್ನು ಕಳಚಿದ್ದು ಅನಾವಶ್ಯಕವಾಗಿತ್ತೆಂದೇ ನನ್ನ ಭಾವನೆ. ಅದೂ ಕಟ್ಟಡದ ಚರಿತ್ರೆಯ ಒಂದು ಪುಟವಾಗಿತ್ತಲ್ಲವೆ?

ಮುಖಮಂಟಪದೊಳಗಣ ನಡುಬಾಗಿಲಿನ ಮೇಲಿರುವ ಫಲಕ ಮಾತ್ರ ನಿಜವಾಗಿಯೂ 12ನೆಯ ಶತಮಾನದ ಕೃತಿ. ಕ್ರಿಸ್ತನು ತನ್ನ ಅಪೊಸ್ತಲರನ್ನು ಲೋಕದ ಜನಾಂಗಗಳ ಬಳಿಗೆ ಕಳುಹಿಸುತ್ತಿರುವ ದೃಶ್ಯ ಅದು. ಸುತ್ತಲೂ ಆ ಜನಾಂಗಗಳು: ಮೊರದಂಥ ಕಿವಿಯವರು, ಏಣಿ ಹಾಕಿ ಕುದುರೆಯನ್ನೇರುವ ಕುಳ್ಳರು, ನಾಯಿಯ ತಲೆಯ ಮನುಷ್ಯರು. ಈ ನಾಯಿಮೊಗದವರನ್ನು ಕಂಡು ಭಾರತೀಯನಿಗೆ ನಗು ಬಂದರೆ ತಪ್ಪಿಲ್ಲ. ಇಂಥವರು ಭಾರತದ ಬೆಟ್ಟಗಳಲ್ಲಿದ್ದಾರೆಂದು ಬರೆದವನು ಗ್ರೀಕ್ ಲೇಖಕ ಕ್ಟೇಸಿಯಸ್. ಆ ಮಾತು ಒಂದೂವರೆ ಸಾವಿರ ವರ್ಷ ನಡೆದು ಬಂದು ಬರ್ಗಂಡಿಯ ಕಲ್ಲಿನಲ್ಲಿ ನಿಂತಿದೆ. ಒಳಗೆ ಬಿಳಿ ಮತ್ತು ಕಂದು ಕಲ್ಲುಗಳನ್ನು ಒಂದರ ಬಳಿಕ ಒಂದರಂತೆ ಜೋಡಿಸಿದ ಕಮಾನುಗಳು. ಬೋದಿಗೆಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಬೀಸುವ ಕಲ್ಲಿನದು: ಮೋಶೆ ಕಾಳನ್ನು ಸುರಿಯುತ್ತಾನೆ, ಪೌಲನು ಹಿಟ್ಟನ್ನು ಚೀಲದಲ್ಲಿ ಹಿಡಿಯುತ್ತಾನೆ. ಹಳೆಯ ಒಡಂಬಡಿಕೆಯೇ ಹೊಸದಾಗಿ ಪರಿಣಮಿಸಿತೆಂಬ ತತ್ತ್ವವನ್ನು ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ. ಜೂನ್ ತಿಂಗಳ ಕೊನೆಯ ಭಾಗದಲ್ಲಿ ಬರುವವರು ನಡುಹಗಲಿನಲ್ಲಿ ಒಳಗಿರಬೇಕು. ಆಗ ದಕ್ಷಿಣದ ಮೇಲ್ಕಿಟಕಿಗಳಿಂದ ಬಿದ್ದ ಬಿಸಿಲು ನಡುಶಾಲೆಯ ನೆಲದ ಸರಿಮಧ್ಯದಲ್ಲಿ ಬೆಳಕಿನ ಹೆಜ್ಜೆಗಳ ಸಾಲಾಗುತ್ತದೆ.

ಇನ್ನು ಇಳಿಯುವ ದಾರಿ. ಇಗರ್ಜಿಯ ಹಿಂದಣ ಬಯಲಿನಿಂದ ಕಣಿವೆಯೂ ಅದರಾಚೆಯ ಮೊರ್ವಾಂ ಕಾಡುಗುಡ್ಡಗಳೂ ಕಾಣುತ್ತವೆ. ಕೋಟೆಗೋಡೆಯ ಉತ್ತರದ ಬಾಗಿಲಿನಿಂದ ಹೊರಟ ಕಾಲುದಾರಿ, ಬೆರ್ನಾರನು ಉಪನ್ಯಾಸ ಮಾಡಿದ ಇಳಿಜಾರಿನಲ್ಲಿರುವ ಲಾ ಕೊರ್ದೆಲ್ ಎಂಬ ಸಣ್ಣ ಪ್ರಾರ್ಥನಾಮಂದಿರವನ್ನು ಹಾದು ಆಸ್ಕೇಂ ಎಂಬ ಊರಿಗೆ ಇಳಿಯುತ್ತದೆ. ಆಸ್ಕೇಂ ಇಗರ್ಜಿಯು ಸಾಂತಿಯಾಗೊ ಮಾರ್ಗದ ಸ್ಮಾರಕವಾಗಿ 1998ರಲ್ಲಿ ಪ್ರತ್ಯೇಕವಾಗಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಇನ್ನೊಂದು ದಿಕ್ಕಿನಲ್ಲಿ, ಬಿಳಿ-ಕೆಂಪು ಪಟ್ಟಿಗಳ ಗುರುತನ್ನು ಹಿಡಿದು ಸೇಂ-ಪೇರಿಗೆ ಇಳಿಯಬಹುದು. ಅಲ್ಲಿಯ ಗಾಥಿಕ್ ಇಗರ್ಜಿ ಕೆಲವರ ದೃಷ್ಟಿಯಲ್ಲಿ ಮೇಲಿನದಕ್ಕಿಂತ ನಾಜೂಕು. ಮುಂದೆ ದಾರಿ ಕ್ಯೂರ್ ನದಿಯ ಜೊತೆಯಲ್ಲಿ ಪಿಯೆರ್-ಪೆರ್ತುಯಿ ಊರಿನವರೆಗೆ ಹೋಗುತ್ತದೆ. ಹಿಂದಿರುಗುವಾಗ ದ್ರಾಕ್ಷಿತೋಟಗಳ ನಡುವಿನಿಂದ ಗುಡ್ಡವನ್ನು ನೋಡುತ್ತ ಏರಬೇಕು. 19ನೆಯ ಶತಮಾನದ ಕೊನೆಯಲ್ಲಿ ಫಿಲೊಕ್ಸೆರ ಕೀಟದಿಂದ ಈ ತೋಟಗಳು ನಾಶವಾಗಿದ್ದುವು. 1970ರ ದಶಕದಲ್ಲಿ ಮತ್ತೆ ನೆಟ್ಟವು ಇವು. 2017ರಲ್ಲಿ ಇಲ್ಲಿಯ ಬಿಳಿ ದ್ರಾಕ್ಷಾರಸಕ್ಕೆ ಊರಿನ ಹೆಸರನ್ನೇ ಹೊರುವ ಅಧಿಕೃತ ಮನ್ನಣೆ ದೊರೆಯಿತು.

ಸೈಕಲ್ ಸವಾರನಿಗೆ ವೆಜಲೇಯ ಬೀದಿ ಅನುಕೂಲವಲ್ಲ; ಅಲ್ಲಿ ಸೈಕಲನ್ನು ತಳ್ಳಬೇಕಾಗುತ್ತದೆ. ಪಶ್ಚಿಮಕ್ಕೆ ಸುಮಾರು 25 ಕಿಲೋಮೀಟರ್ ಏರಿಳಿತದ ರಸ್ತೆಯಲ್ಲಿ ಹೋದರೆ ಕ್ಲಾಮ್ಸಿ ಪಟ್ಟಣ. ಅಲ್ಲಿಂದ ಮುಂದಿನದು ಸಮತಟ್ಟು, ಏಕೆಂದರೆ 174 ಕಿಲೋಮೀಟರ್ ಉದ್ದದ ನಿವೆರ್ನೇ ಕಾಲುವೆ ಕ್ಲಾಮ್ಸಿಯನ್ನು ಹಾದುಹೋಗುತ್ತದೆ. ಹಿಂದೆ ದೋಣಿಗಳನ್ನು ಎಳೆಯುತ್ತಿದ್ದ ಕುದುರೆಗಳು ನಡೆದ ಏರಿಯೇ ಈಗ ಬಹುಮಟ್ಟಿಗೆ ಸೈಕಲ್ ದಾರಿ. ಈ ಕಾಲುವೆಯ ಕೆಲಸವನ್ನು 1784ರಲ್ಲಿ ಆರಂಭಿಸಿದ್ದು ಪ್ಯಾರಿಸಿಗೆ ಸೌದೆಯನ್ನು ಒದಗಿಸುವುದಕ್ಕಾಗಿ. ಅದಕ್ಕೂ ಮುಂಚೆ, 16ನೆಯ ಶತಮಾನದಿಂದಲೇ, ಮೊರ್ವಾಂ ಕಾಡಿನ ಕೊರಡುಗಳನ್ನು ಹೊಳೆಗೆ ಬಿಡುವ ಪದ್ಧತಿಯಿತ್ತು. ಕೊರಡಿನ ತುದಿಯ ಮೇಲೆ ಮಾಲೀಕನ ಮುದ್ರೆ. ಕ್ಲಾಮ್ಸಿಯಲ್ಲಿ ಅವುಗಳನ್ನು ತಡೆದು, ಮುದ್ರೆ ನೋಡಿ ಬೇರ್ಪಡಿಸಿ, ತೆಪ್ಪಗಳನ್ನಾಗಿ ಕಟ್ಟಿ ಪ್ಯಾರಿಸಿಗೆ ತೇಲಿಸುತ್ತಿದ್ದರು. ತೆಪ್ಪ ನಡೆಸಿದವರು ಅಲ್ಲಿಂದ ಕಾಲ್ನಡಿಗೆಯಲ್ಲಿಯೇ ಮನೆಗೆ ಮರಳುತ್ತಿದ್ದರು.

ಈ ತೆಪ್ಪದವರ ಊರಿನಲ್ಲಿ 1866ರಲ್ಲಿ ಹುಟ್ಟಿದವರು ರೋಮೈನ್ ರೋಲಾ. ಗಾಂಧೀಜಿ, ಶ್ರೀರಾಮಕೃಷ್ಣ, ವಿವೇಕಾನಂದರ ಜೀವನಚರಿತ್ರೆಗಳ ಮೂಲಕ ನಮ್ಮ ನಾಡಿನಲ್ಲಿ ಅವರ ಹೆಸರು ಪರಿಚಿತವಾಗಿದೆ. 1931ರ ಡಿಸೆಂಬರಿನಲ್ಲಿ ಗಾಂಧೀಜಿ ಅವರನ್ನು ಕಂಡದ್ದು ಸ್ವಿಟ್ಸರ್ಲೆಂಡಿನಲ್ಲಿ. ಅಲ್ಲಿಂದ ರೋಲಾ 1938ರಲ್ಲಿ ಸ್ವದೇಶಕ್ಕೆ ಮರಳಿ ನೆಲಸಿದ್ದು ವೆಜಲೇಯ ಏರುಬೀದಿಯ ಒಂದು ಮನೆಯಲ್ಲಿ. ಜರ್ಮನರು ದೇಶವನ್ನು ಆಕ್ರಮಿಸಿಕೊಂಡಿದ್ದ ವರ್ಷಗಳನ್ನು ಅಲ್ಲಿಯೇ ಕಳೆದು, 1944ರ ಡಿಸೆಂಬರ್ 30ರಂದು ಅಲ್ಲಿಯೇ ತೀರಿಕೊಂಡರು. ಆ ಮನೆ 2006ರಿಂದ ಝೆರ್ವೋಸ್ ಕಲಾಸಂಗ್ರಹಾಲಯವಾಗಿದೆ. ಆಧುನಿಕ ಚಿತ್ರಗಳನ್ನು ನೋಡಲು ಬಂದವರು ಅದು ಯಾರ ಮನೆಯೆಂಬುದನ್ನು ಕೇಳದೆ ಹೋಗುವುದೂ ಉಂಟು. ರೋಲಾ ಅವರ ಸಮಾಧಿ ವೆಜಲೇಯಲ್ಲಿಲ್ಲ, ಬ್ರೆವ್ ಎಂಬ ಸಣ್ಣ ಹಳ್ಳಿಯಲ್ಲಿದೆ. ಕ್ಲಾಮ್ಸಿಯಿಂದ ಕಾಲುವೆಯ ದಾರಿಯಲ್ಲಿ ದಕ್ಷಿಣಕ್ಕೆ ತುಳಿದರೆ ಒಂದು ಗಂಟೆಯೊಳಗಾಗಿ ಅಲ್ಲಿಗೆ ತಲುಪಬಹುದು.