ಅರೆಯೂಟದಿಂದ ಕೃಶವಾದ ದೇಹಕ್ಕೆ ಆಹಾರವನ್ನು ಹೆಚ್ಚಿಸುವ ಕ್ರಮ

ಬೇಸಗೆಯುದ್ದಕ್ಕೂ ಒಣಹುಲ್ಲನ್ನೇ ಮೇದು ಬಡಕಲಾದ ಎತ್ತಿನ ಮುಂದೆ, ಮುಂಗಾರು ಬಿದ್ದಿತೆಂದು, ತಿಳಿದ ರೈತನು ಒಂದೇ ದಿನ ಮಂಕರಿ ತುಂಬ ಕಾಳನ್ನು ಸುರಿಯುವುದಿಲ್ಲ. ಹಾಗೆ ಸುರಿದರೆ ಹೊಟ್ಟೆಯಲ್ಲಿ ಹುಳಿಯೇರಿ, ಉಳುಮೆಯ ಸಮಯಕ್ಕೆ ಸರಿಯಾಗಿ ಎತ್ತು ಕೊಟ್ಟಿಗೆಯಲ್ಲಿ ಮಲಗುವುದೆಂಬುದು ಅನುಭವಸಿದ್ಧವಾದ ಸಂಗತಿ. ಆದಕಾರಣ ಮೊದಲು ಹಸಿ ಹುಲ್ಲು, ಅನಂತರ ಒಂದು ಹಿಡಿ ಹಿಂಡಿ, ಆಮೇಲೆ ಬೂಸಾ, ಹುರುಳಿ ಎಂದು ದಿನದಿನಕ್ಕೆ ಮೇವನ್ನು ಏರಿಸುವ ಪದ್ಧತಿಯು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಎತ್ತಿನ ವಿಷಯದಲ್ಲಿ ತೋರುವ ಈ ವಿವೇಕವನ್ನು ಮನುಷ್ಯನ ವಿಷಯದಲ್ಲಿಯೂ ತೋರುವುದು ಅವಶ್ಯಕ. ಆಹಾರದ ಕೊರತೆಯಿಂದ ಎತ್ತಿನ ಹೊಟ್ಟೆಯಲ್ಲಿ ಆಗುವ ಕೇಡೂ ಮನುಷ್ಯನ ರಕ್ತದಲ್ಲಿ ಆಗುವ ಕೇಡೂ ಒಂದೇ ಬಗೆಯವಲ್ಲದಿದ್ದರೂ, ಮೆಟ್ಟಿಲು ಮೆಟ್ಟಿಲಾಗಿ ಏರಬೇಕೆಂಬ ನಿಯಮವು ಎರಡಕ್ಕೂ ಒಪ್ಪುತ್ತದೆ.

ಗ್ರಾಮಗಳಲ್ಲಿ ಅರೆಯೂಟದಿಂದ ಸೊರಗಿದವರು ಹಲವು ಬಗೆಯವರು. ಮಳೆ ಕೈಕೊಟ್ಟ ವರ್ಷದಲ್ಲಿ ಒಂದು ಹೊತ್ತಿನ ಊಟವನ್ನು ಬಿಟ್ಟ ಕೂಲಿಯವರು ಕೆಲವರು. ದೀರ್ಘಕಾಲದ ಜ್ವರದಲ್ಲಿ ಪಥ್ಯವಿದ್ದವರು ಕೆಲವರು. ಒಂದರ ಮೇಲೊಂದು ಉಪವಾಸವ್ರತ ಹಿಡಿದವರು ಕೆಲವರು. ಈಚಿನ ವರ್ಷಗಳಲ್ಲಿ ಇವರೊಂದಿಗೆ ಮತ್ತೊಂದು ವರ್ಗವೂ ಸೇರಿದೆ. ಕಣಜದಲ್ಲಿ ಧಾನ್ಯ ತುಂಬಿರುವ ಮನೆಗಳಲ್ಲಿಯೇ ಯುವಕ ಯುವತಿಯರು ಮೈ ತೆಳ್ಳಗಾಗಲೆಂದು ತಿಂಗಳುಗಟ್ಟಲೆ ಅರೆಹೊಟ್ಟೆ ಉಣ್ಣುತ್ತಾರೆ. ಕೊರತೆಯ ಕಾರಣವು ಯಾವುದೇ ಆಗಿರಲಿ, ದೇಹವು ಅದನ್ನು ವಿಚಾರಿಸುವುದಿಲ್ಲ. ಎಲ್ಲ ಕೊರತೆಗೂ ಒಂದೇ ರೀತಿಯಲ್ಲಿ ಉತ್ತರ ಕೊಡುತ್ತದೆ.

ಇಂಥವರಿಗೆ ಮರಳಿ ಊಟ ಹೆಚ್ಚಿಸುವಾಗ ಎರಡು ತಪ್ಪುಗಳು ನಡೆಯುತ್ತವೆ. ತೀರ ಬಳಲಿದವನಿಗೆ ಮೊದಲ ವಾರದಲ್ಲಿಯೇ ಅತಿಯಾಗಿ ಉಣ್ಣಿಸುವುದು ಒಂದು. ಆ ವಾರ ಕಳೆದ ಮೇಲೆ ತಿಂಗಳುಗಟ್ಟಲೆ ಧಾರಾಳವಾಗಿ ಉಣ್ಣಬೇಕಾದ ಕಾಲದಲ್ಲಿ ಕೈ ಹಿಡಿಯುವುದು ಇನ್ನೊಂದು. ಮೊದಲನೆಯ ತಪ್ಪು ಪ್ರಾಣಕ್ಕೆ ಎರವಾಗಬಹುದು. ಎರಡನೆಯದು ದೇಹವನ್ನು ವರ್ಷಗಟ್ಟಲೆ ಅಶಕ್ತವಾಗಿ ಇಡುತ್ತದೆ.

ಕೊರತೆಯಲ್ಲಿ ದೇಹದ ಸ್ಥಿತಿ

ಈ ವಿಷಯದಲ್ಲಿ ಅತ್ಯಂತ ಕೂಲಂಕಷವಾದ ಪರೀಕ್ಷೆಯು ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾನಿಲಯದಲ್ಲಿ 1944-45ರಲ್ಲಿ ನಡೆಯಿತು. ಯುದ್ಧದಿಂದ ಹಸಿದ ಯೂರೋಪಿನ ಜನರಿಗೆ ಹೇಗೆ ಉಣ್ಣಿಸಬೇಕೆಂಬುದನ್ನು ತಿಳಿಯುವುದೇ ಅದರ ಉದ್ದೇಶ. ಡಾಕ್ಟರ್ ಆನ್ಸೆಲ್ ಕೀಸ್ ಎಂಬ ಶರೀರಶಾಸ್ತ್ರಜ್ಞರ ನೇತೃತ್ವದಲ್ಲಿ, ಯುದ್ಧದಲ್ಲಿ ಶಸ್ತ್ರ ಹಿಡಿಯಲೊಪ್ಪದ 36 ಮಂದಿ ಆರೋಗ್ಯವಂತ ಯುವಕರು ಸ್ವಇಚ್ಛೆಯಿಂದ ಅರೆಹೊಟ್ಟೆಗೆ ಒಳಪಟ್ಟರು. ಮೊದಲ 12 ವಾರ ದಿನಕ್ಕೆ ಸುಮಾರು 3,200 ಕ್ಯಾಲೊರಿಯ ಪೂರ್ಣ ಆಹಾರ. ಬಳಿಕ 24 ವಾರ ಅದರ ಅರ್ಧದಷ್ಟು, ಎಂದರೆ ಸುಮಾರು 1,570 ಕ್ಯಾಲೊರಿ. ಆಲೂಗೆಡ್ಡೆ, ಗೆಡ್ಡೆಕೋಸು, ರೊಟ್ಟಿ ಇವೇ ಮುಖ್ಯ ಆಹಾರ. ಇದರೊಡನೆ ವಾರಕ್ಕೆ 22 ಮೈಲಿ ನಡಿಗೆಯೂ ಇದ್ದಿತು.

ಆರು ತಿಂಗಳಲ್ಲಿ ಅವರ ತೂಕವು ಸುಮಾರು ನಾಲ್ಕನೆಯ ಒಂದು ಭಾಗ ಇಳಿಯಿತು. ವಿಶ್ರಾಂತಿಯಲ್ಲಿರುವಾಗ ದೇಹವು ವ್ಯಯಮಾಡುವ ಶಕ್ತಿಯು ಶೇಕಡಾ 40ರಷ್ಟು ಕುಗ್ಗಿತು. ನಾಡಿಯ ಬಡಿತವು ನಿಮಿಷಕ್ಕೆ ಸುಮಾರು 55ರಿಂದ 35ಕ್ಕೆ ಬಂದಿತು. ಬೇಸಗೆಯಲ್ಲಿಯೂ ಚಳಿ, ಕೂದಲುದುರುವಿಕೆ, ಕಾಲಿನ ಬಾವು, ಮುಂಗೋಪ, ಮಂಕುತನ ಇವು ತೋರಿಬಂದವು. ಹಗಲಿರುಳೂ ಊಟದ ಚಿಂತೆಯೇ ಹಿಡಿದು, ಹಿಂದೆಂದೂ ಅಡುಗೆಯ ಗೊಡವೆಗೆ ಹೋಗದಿದ್ದವರು ಪಾಕಪುಸ್ತಕಗಳನ್ನು ಓದುತ್ತ ಕುಳಿತರು. ಉಳಿತಾಯದ ಸ್ಥಿತಿಗೆ ಇಳಿದ ದೇಹದ ಲಕ್ಷಣಗಳು ಇವು. ಸ್ತ್ರೀಯರಲ್ಲಿಯಾದರೆ ಮುಟ್ಟು ನಿಲ್ಲುವುದೂ ಇಂಥದೇ ಒಂದು ಲಕ್ಷಣ.

ಕೈ ಹಿಡಿಯುವುದರಿಂದ ಆಗುವ ಹಾನಿ

ಪರೀಕ್ಷೆಯ ಮುಂದಿನ 12 ವಾರಗಳೇ ವಾಚಕರು ಮುಖ್ಯವಾಗಿ ಗಮನಿಸತಕ್ಕವು. ಯುವಕರನ್ನು ನಾಲ್ಕು ಗುಂಪು ಮಾಡಿ, ಅರೆಹೊಟ್ಟೆಯ ಪ್ರಮಾಣದ ಮೇಲೆ ಕ್ರಮವಾಗಿ 400, 800, 1,200, 1,600 ಕ್ಯಾಲೊರಿಗಳನ್ನು ಹೆಚ್ಚಾಗಿ ಕೊಡಲಾಯಿತು. ಕೆಲವರಿಗೆ ಜೀವಸತ್ವಗಳನ್ನೂ ಸಸಾರಜನಕವನ್ನೂ ಬೇರೆಯಾಗಿ ಸೇರಿಸಲಾಯಿತು. ಅತ್ಯಲ್ಪವಾಗಿ ಹೆಚ್ಚಿಸಿದ ಗುಂಪಿನವರು ವಾರಗಳು ಕಳೆದರೂ ಬಹಳ ಕಡಿಮೆ ಚೇತರಿಸಿಕೊಂಡರು. ಒಟ್ಟು ಆಹಾರವೇ ಸಾಲದಿರುವಾಗ ಜೀವಸತ್ವದ ಗುಳಿಗೆಯು ಆ ಕೊರತೆಯನ್ನು ತುಂಬಲಿಲ್ಲ. ಸೊರಗಿದ ವಯಸ್ಕನು ಮರಳಿ ಬಲಗೊಳ್ಳಬೇಕಾದರೆ ಕೆಲವು ತಿಂಗಳ ಕಾಲ ದಿನಕ್ಕೆ ಸುಮಾರು 4,000 ಕ್ಯಾಲೊರಿಯಷ್ಟು ಬೇಕಾದೀತೆಂದು ಕೀಸ್ ಅವರು ನಿರ್ಣಯಿಸಿದರು. ಪರೀಕ್ಷೆಯ ಪೂರ್ಣ ವಿವರಗಳು ಎರಡು ಸಂಪುಟಗಳಾಗಿ 1950ರಲ್ಲಿ ಪ್ರಕಟವಾದವು.

ನಮ್ಮ ಸೀಮೆಯ ಚರಿತ್ರೆಯೂ ಇದಕ್ಕೆ ಸಾಕ್ಷಿಯಾಗಿದೆ. 1876-78ರ ಧಾತು ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ, 1877ರಲ್ಲಿ, ಸರ್ ರಿಚರ್ಡ್ ಟೆಂಪಲ್ ಅವರು ಪರಿಹಾರಕಾಮಗಾರಿಯ ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯವನ್ನೂ ಅಲ್ಪ ಕಾಸನ್ನೂ ಗೊತ್ತುಮಾಡಿದರು. ಮದರಾಸಿನ ಆರೋಗ್ಯಾಧಿಕಾರಿಗಳಾಗಿದ್ದ ಡಾಕ್ಟರ್ ಕಾರ್ನಿಷ್ ಅವರು, ಇಷ್ಟರಲ್ಲಿ ದುಡಿಯುವವನ ದೇಹ ನಿಲ್ಲದೆಂದು ಬಲವಾಗಿ ಆಕ್ಷೇಪಿಸಿದರು. ಒಂದು ಪೌಂಡು ಅಕ್ಕಿಯೆಂದರೆ ಸುಮಾರು 1,600 ಕ್ಯಾಲೊರಿ. ಮಿನೆಸೋಟಾದ ಯುವಕರನ್ನು ಸೊರಗಿಸಿದ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ. 1871ರ ಖಾನೆಷುಮಾರಿಯಲ್ಲಿ 50 ಲಕ್ಷಕ್ಕೆ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು.

ಆತುರದಿಂದ ಆಗುವ ಅಪಾಯ

ಜರ್ಮನಿಯ ಬರ್ಗೆನ್-ಬೆಲ್ಸೆನ್ ಸೆರೆಶಿಬಿರವನ್ನು ಬ್ರಿಟಿಷ್ ಸೈನ್ಯವು 1945ನೆಯ ಏಪ್ರಿಲ್ 15ರಂದು ಬಿಡಿಸಿದಾಗ, ಹಸಿವಿನಿಂದಲೂ ಟೈಫಸ್ ಜ್ವರದಿಂದಲೂ ಎಲುಬುಗೂಡಾದ ಸುಮಾರು 60,000 ಜನರು ಅಲ್ಲಿ ಇದ್ದರು. ಸೈನಿಕರು ಕನಿಕರದಿಂದ ಕೊಟ್ಟ ಜಿಡ್ಡಿನ ಡಬ್ಬಿಯೂಟವನ್ನು ತಿಂದು, ಬಿಡುಗಡೆಯಾದ ಮೇಲೆಯೂ ಕೆಲವರು ಪ್ರಾಣ ಬಿಟ್ಟರು. ಬಳಿಕ ವೈದ್ಯರು, 1943ರ ಬಂಗಾಳದ ಕ್ಷಾಮದಲ್ಲಿ ಬಳಸಿದ್ದ ಸಿಹಿಯಾದ ತೆಳು ಮಿಶ್ರಣವನ್ನು ತರಿಸಿ ಕೊಟ್ಟರು. ಆ ರುಚಿಯ ಅಭ್ಯಾಸವಿಲ್ಲದ ಯೂರೋಪಿನವರಿಗೆ ಅದು ಸೇರಲಿಲ್ಲ. ಆಹಾರವು ಪ್ರಮಾಣಕ್ಕೆ ತಕ್ಕಂತೆ ಇರುವುದರ ಜೊತೆಗೆ ಉಣ್ಣುವವನ ವಾಡಿಕೆಗೂ ಒಗ್ಗಬೇಕೆಂಬ ಪಾಠವೂ ಇದರಲ್ಲಿದೆ.

ಅಪಾಯದ ಕಾರಣವನ್ನು ಇಂದಿನ ವೈದ್ಯಶಾಸ್ತ್ರವು ಚೆನ್ನಾಗಿ ಬಲ್ಲದು. ಹಸಿದಿರುವಾಗ ದೇಹವು ತನ್ನ ಕೊಬ್ಬನ್ನೂ ಮಾಂಸವನ್ನೂ ಕರಗಿಸಿಕೊಂಡು ಬದುಕುತ್ತದೆ. ಆ ಕಾಲದಲ್ಲಿ ರಂಜಕವೆಂಬ ಫಾಸ್ಫರಸ್, ಪೊಟ್ಯಾಸಿಯಂ, ಮೆಗ್ನೀಸಿಯಂ ಎಂಬ ಲವಣಾಂಶಗಳೂ, ಥಯಾಮಿನ್ ಎಂಬ ಜೀವಸತ್ವವೂ ಒಳಗೊಳಗೇ ಬರಿದಾಗುತ್ತವೆ. ಇಂಥ ಸ್ಥಿತಿಯಲ್ಲಿ ಅನ್ನವೋ ಸಕ್ಕರೆಯೋ ಒಮ್ಮೆಲೇ ಹೆಚ್ಚಾಗಿ ಹೊಟ್ಟೆಗೆ ಬಿದ್ದರೆ, ಇನ್ಸುಲಿನ್ ಎಂಬ ರಸವು ಏರಿ, ರಕ್ತದಲ್ಲಿ ಉಳಿದಿದ್ದ ಲವಣಾಂಶಗಳನ್ನು ಜೀವಕೋಶಗಳು ಸೆಳೆದುಕೊಳ್ಳುತ್ತವೆ. ಅದರಿಂದ ಹೃದಯದ ಬಡಿತ ತಪ್ಪುವುದು, ಉಸಿರಾಟ ಸೋಲುವುದು, ಮೈ ಊದಿಕೊಳ್ಳುವುದು ಮೊದಲಾದವು ಸಾಮಾನ್ಯವಾಗಿ ಮೊದಲ ವಾರದೊಳಗೇ ತಲೆದೋರುತ್ತವೆ. ತೀವ್ರವಾಗಿ ಸೊರಗಿದ ಮಕ್ಕಳಿಗೂ ಇದೇ ಕಾರಣದಿಂದ ವಿಶ್ವ ಆರೋಗ್ಯ ಸಂಸ್ಥೆಯ ಕ್ರಮದಲ್ಲಿ ಮೊದಲು 100 ಮಿಲಿಲೀಟರಿಗೆ 75 ಕ್ಯಾಲೊರಿಯ ಹಾಲಿನ ಮಿಶ್ರಣವನ್ನೂ, ಸ್ಥಿತಿಯು ನೆಲೆಗೊಂಡ ಮೇಲೆ 100 ಕ್ಯಾಲೊರಿಯದನ್ನೂ ಕೊಡುತ್ತಾರೆ.

ಯಾರಿಗೆ ಯಾವ ಕ್ರಮ

ಸೊರಗಿದವರನ್ನು ಮೂರು ವರ್ಗವಾಗಿ ವಿಂಗಡಿಸಿಕೊಳ್ಳುವುದು ಅನುಕೂಲ.

1. ಪ್ರತಿದಿನವೂ ಊಟವನ್ನು ಪೂರ್ಣವಾಗಿ ಬಿಡದೆ, ಪ್ರಮಾಣವನ್ನು ಮಾತ್ರ ಕಡಿಮೆ ಮಾಡಿ ಸ್ವಲ್ಪ ತೂಕ ಇಳಿದವರು. ತೆಳ್ಳಗಾಗಲು ಪಥ್ಯ ಹಿಡಿದವರಲ್ಲಿ ಹೆಚ್ಚು ಮಂದಿ ಈ ವರ್ಗದವರು. ಇವರಿಗೆ ಮೇಲ್ಕಂಡ ಅಪಾಯದ ಭಯವಿಲ್ಲ. ಕುಗ್ಗಿದ ಜಠರಕ್ಕೆ ಹೊರೆಯಾಗದಂತೆಯೂ ಮನಸ್ಸಿಗೆ ಅಂಜಿಕೆಯಾಗದಂತೆಯೂ ದಿನದ ಆಹಾರಕ್ಕೆ 200ರಿಂದ 300 ಕ್ಯಾಲೊರಿ ಸೇರಿಸಿ, ನಾಲ್ಕಾರು ದಿನ ನೋಡಿ, ಮತ್ತೆ ಅಷ್ಟೇ ಸೇರಿಸುತ್ತ ಪೂರ್ಣ ಪ್ರಮಾಣಕ್ಕೆ ಬರತಕ್ಕದ್ದು.

2. ಐದು ದಿನಕ್ಕಿಂತ ಹೆಚ್ಚಾಗಿ ಏನನ್ನೂ ತಿನ್ನದೆ, ಇಲ್ಲವೆ ಅತ್ಯಲ್ಪ ತಿಂದು ಇದ್ದವರು. ಇವರಿಗೆ ಮೊದಲ ಎರಡು ದಿನ ಪೂರ್ಣ ಪ್ರಮಾಣದ ಅರ್ಧಕ್ಕೆ ಮೀರದಂತೆ ಕೊಟ್ಟು, ವೈದ್ಯರ ಸಲಹೆಯ ಮೇಲೆ ಮುಂದುವರಿಯತಕ್ಕದ್ದು.

3. ಹತ್ತು ದಿನಕ್ಕಿಂತ ಹೆಚ್ಚು ಕಾಲ ಹಾಗೆ ಇದ್ದವರು. ಮೂರರಿಂದ ಆರು ತಿಂಗಳಲ್ಲಿ ತೂಕದ ಶೇಕಡಾ 15ಕ್ಕಿಂತ ಹೆಚ್ಚು, ಎಂದರೆ 65 ಕಿಲೋಗ್ರಾಂ ಇದ್ದವರು ಸುಮಾರು 10 ಕಿಲೋಗ್ರಾಂ ಕಳೆದುಕೊಂಡವರು. 165 ಸೆಂಟಿಮೀಟರ್ ಎತ್ತರವಿದ್ದು 43 ಕಿಲೋಗ್ರಾಮಿಗೆ ಇಳಿದವರು. ಇವರಿಗೆ ಮನೆಯಲ್ಲಿ ಉಣ್ಣಿಸಿ ಪರೀಕ್ಷಿಸುವುದು ಸಲ್ಲದು. ಇವರನ್ನು ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಅಲ್ಲಿ ರಕ್ತದ ಲವಣಾಂಶಗಳನ್ನು ಅಳೆದು, ಥಯಾಮಿನ್ ಕೊಟ್ಟು, ಅತ್ಯಲ್ಪ ಆಹಾರದಿಂದ ಆರಂಭಿಸಿ, ನಾಲ್ಕರಿಂದ ಏಳು ದಿನಗಳಲ್ಲಿ ಏರಿಸುತ್ತಾರೆ. ತೀರ ಸೊರಗಿದ ಮಕ್ಕಳಿಗೂ ಇದೇ ಮಾತು ಅನ್ವಯಿಸುತ್ತದೆ.

ಪೂರ್ಣ ಪ್ರಮಾಣವೆಂದರೆ ಎಷ್ಟೆಂಬುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯೂ 2020ರಲ್ಲಿ ಗೊತ್ತುಮಾಡಿವೆ. 65 ಕಿಲೋಗ್ರಾಂ ತೂಕದ ಗಂಡಸಿಗೆ ಕುಳಿತ ಕೆಲಸದಲ್ಲಿ 2,110, ಮಧ್ಯಮ ಕೆಲಸದಲ್ಲಿ 2,710, ಕಠಿಣ ದುಡಿಮೆಯಲ್ಲಿ 3,470 ಕ್ಯಾಲೊರಿ; 55 ಕಿಲೋಗ್ರಾಂ ತೂಕದ ಹೆಂಗಸಿಗೆ ಕ್ರಮವಾಗಿ 1,660, 2,130, 2,720. ಸೊರಗಿದವರು ಈ ಮಟ್ಟವನ್ನು ಮುಟ್ಟಿ ಅಲ್ಲಿಗೇ ನಿಲ್ಲದೆ, ಕಳೆದುಹೋದ ಮಾಂಸವು ತುಂಬಿಬರುವ ತನಕ ಇದಕ್ಕಿಂತ ಹೆಚ್ಚಾಗಿಯೇ ಉಣ್ಣಬೇಕು.

ಊಟದ ಪದಾರ್ಥಗಳು

ಇದಕ್ಕೆ ಪರಸ್ಥಳದ ದುಬಾರಿ ಪುಡಿಗಳು ಅನಾವಶ್ಯಕ. 30 ಗ್ರಾಂ ರಾಗಿಯ ಹುರಿಹಿಟ್ಟನ್ನು ಒಂದು ಲೋಟ ಹಸುವಿನ ಹಾಲಿನಲ್ಲಿ ಕಲಸಿ ಸ್ವಲ್ಪ ಬೆಲ್ಲ ಸೇರಿಸಿದರೆ ಸುಮಾರು 290 ಕ್ಯಾಲೊರಿ ದೊರೆಯುತ್ತದೆ. ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 160, ಎರಡು ಚಿಕ್ಕ ಚಮಚ ತುಪ್ಪದಲ್ಲಿ 90, ಒಂದು ಬಾಳೆಯ ಹಣ್ಣಿನಲ್ಲಿ ಸುಮಾರು 100 ಕ್ಯಾಲೊರಿಯಿರುತ್ತದೆ. ಹಾಲು ಮೊಸರುಗಳಲ್ಲಿ ರಂಜಕವೂ, ಬೇಳೆಕಾಳುಗಳಲ್ಲಿ ಸಸಾರಜನಕವೂ ಥಯಾಮಿನ್ನೂ, ಬಾಳೆಯ ಹಣ್ಣು ಎಳನೀರುಗಳಲ್ಲಿ ಪೊಟ್ಯಾಸಿಯಂ ಸಹ ಹೇರಳವಾಗಿವೆ. ಮೊಟ್ಟೆ, ಮೀನು, ಮಾಂಸ ತಿನ್ನುವ ಮನೆಗಳಲ್ಲಿ ಅವೂ ಉತ್ತಮ.

ಬಳಲಿದವರಿಗೆ ಪಾಲಿಷ್ ಅಕ್ಕಿಯ ಗಂಜಿಗೆ ಸಕ್ಕರೆ ಹಾಕಿ ಅದೊಂದನ್ನೇ ದಿನವಿಡೀ ಕುಡಿಸುವ ವಾಡಿಕೆಯು ಅಷ್ಟು ಹಿತಕರವಲ್ಲ. ಅದರಲ್ಲಿ ಪಿಷ್ಟ ಮಾತ್ರ ಉಂಟು. ಪಿಷ್ಟವನ್ನು ಅರಗಿಸಲು ಬೇಕಾದ ಥಯಾಮಿನ್ ತೌಡಿನೊಂದಿಗೆ ಹೋಗಿರುತ್ತದೆ. ಗಂಜಿಗೆ ಹೆಸರುಬೇಳೆ ಸೇರಿಸಿ ಬೇಯಿಸಿ, ಹಾಲು ಅಥವಾ ಮಜ್ಜಿಗೆಯೊಡನೆ ಕೊಡುವುದು ಮೇಲು. ಎರಡು ದೊಡ್ಡ ಊಟಗಳಿಗೆ ಬದಲಾಗಿ ದಿನಕ್ಕೆ ಐದಾರು ಸಾರಿ ಸ್ವಲ್ಪ ಸ್ವಲ್ಪವಾಗಿ ಉಣ್ಣಿಸಿದರೆ ಹೊಟ್ಟೆಯುಬ್ಬರವು ಕಡಿಮೆಯಾಗುತ್ತದೆ. ಸಿಹಿಮೂತ್ರರೋಗಕ್ಕೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಆಹಾರವನ್ನು ಬದಲಾಯಿಸಬಾರದು.

ತೂಕ ಮತ್ತು ಹಸಿವು

ಊಟ ಹೆಚ್ಚಿಸಿದ ಮೊದಲ ವಾರದಲ್ಲಿಯೇ ತೂಕವು ಒಂದೆರಡು ಕಿಲೋಗ್ರಾಂ ಏರುವುದುಂಟು. ಅದರಲ್ಲಿ ಹೆಚ್ಚಿನ ಪಾಲು ನೀರು ಮತ್ತು ಯಕೃತ್ತು, ಸ್ನಾಯುಗಳು ಮರಳಿ ಕೂಡಿಸಿಟ್ಟುಕೊಳ್ಳುವ ಪಿಷ್ಟ. ತೆಳ್ಳಗಾಗಲು ಹೊರಟವರು ಇದನ್ನು ಕಂಡು ಬೆದರಿ ಮತ್ತೆ ಊಟ ಬಿಡುವುದರಿಂದಲೇ ಅನೇಕರ ಚೇತರಿಕೆಯು ಅರ್ಧಕ್ಕೆ ನಿಲ್ಲುತ್ತದೆ. ಮಿನೆಸೋಟಾದ ಯುವಕರಲ್ಲಿಯೂ ಕೊಬ್ಬು ಮೊದಲು ತುಂಬಿ, ಮಾಂಸವು ನಿಧಾನವಾಗಿ ಬೆಳೆಯಿತು. ತಡೆಯಿಲ್ಲದೆ ಉಣ್ಣಲು ಬಿಟ್ಟಾಗ ಕೆಲವರು ಹೊಟ್ಟೆ ಬಿರಿಯುವಷ್ಟು ತಿಂದರೂ ಹಸಿವು ತೀರಿತೆನ್ನಲಿಲ್ಲ. ತಿಂಗಳುಗಳು ಕಳೆದ ಮೇಲೆ ಈ ಹಸಿವು ತಾನಾಗಿಯೇ ಹತೋಟಿಗೆ ಬಂದಿತು. ಆದ್ದರಿಂದ ಇಂಥ ಹಸಿವನ್ನು ಹೊಟ್ಟೆಬಾಕತನವೆಂದು ಹಂಗಿಸುವುದು ಅನ್ಯಾಯ. ಊಟವೆಂದರೇ ಭಯಪಡುವವರು, ತಿಂದುದನ್ನು ಕಕ್ಕುವವರು ಇದ್ದಲ್ಲಿ ಅದು ಮನಸ್ಸಿನ ಕಾಯಿಲೆ. ಗದರಿಸದೆ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು.

ಗ್ರಾಮದ ಹಿರಿಯರು ಮಾಡತಕ್ಕದ್ದು

ಬರದಿಂದಲೋ ಕಾಯಿಲೆಯಿಂದಲೋ ಎದ್ದು ಬಂದ ಆಳನ್ನು ಮೊದಲ ದಿನವೇ ಗುದ್ದಲಿ ಕೆಲಸಕ್ಕೆ ಹಚ್ಚಬಾರದು. ಕೆಲವು ವಾರ ಹಗುರವಾದ ಕೆಲಸವನ್ನೇ ಕೊಟ್ಟು, ಮಧ್ಯಾಹ್ನದ ಮುದ್ದೆಯೊಡನೆ ದಪ್ಪನಾದ ಬೇಳೆಸಾರನ್ನೂ ಮಜ್ಜಿಗೆಯನ್ನೂ ಒದಗಿಸಿದರೆ, ಆ ವೆಚ್ಚವು ಸುಗ್ಗಿಯ ದುಡಿಮೆಯಲ್ಲಿ ಹಿಂದಿರುಗಿ ಬರುತ್ತದೆ. ಹಗುರ ಕೆಲಸವೂ ಸಾಕಷ್ಟು ಊಟವೂ ಕೂಡಿದರೆ ಮಾತ್ರ ಮಾಂಸವು ಸರಿಯಾಗಿ ತುಂಬುತ್ತದೆ. ಸ್ವಂತ ಮನೆಯಲ್ಲಿ ಮಗನೋ ಮಗಳೋ ತಟ್ಟೆಯನ್ನು ಬದಿಗೆ ಸರಿಸುವುದನ್ನು ಕಂಡರೆ, ತೂಕವು ಎಷ್ಟು ತಿಂಗಳಲ್ಲಿ ಎಷ್ಟು ಇಳಿದಿದೆಯೆಂದು ಮೊದಲು ವಿಚಾರಿಸತಕ್ಕದ್ದು. ಯಾವ ವರ್ಗದ ಕ್ರಮವನ್ನು ಅನುಸರಿಸಬೇಕೆಂಬುದು ಅದರಿಂದಲೇ ಗೊತ್ತಾಗುತ್ತದೆ. ಯಾರೇ ಆಗಲಿ, ಊಟ ಹೆಚ್ಚಿಸಿದ ಮೊದಲ ವಾರದಲ್ಲಿ ಕಾಲು ಊದುವುದು, ಏದುಸಿರು, ಎದೆಬಡಿತ, ಮಂಪರು, ಸೆಳವು ಇವುಗಳಲ್ಲಿ ಯಾವುದು ಕಂಡುಬಂದರೂ ಒಡನೆಯೇ ಆಸ್ಪತ್ರೆಗೆ ಕಳುಹಿಸತಕ್ಕದ್ದು.